ಹೆರಿಗೆಯ ಲೆಕ್ಕ ಇದೆ, ಹೆತ್ತವಳ ಲೆಕ್ಕ ಎಲ್ಲಿದೆ? ಸ್ಲೊವಾಕಿಯಾದ ಆರೋಗ್ಯ ಸಚಿವರಿಗೆ ಒಂದು ಬಹಿರಂಗ ಪತ್ರ

ಸ್ಲೊವಾಕ್ ಗಣರಾಜ್ಯದ ಮಾನ್ಯ ಆರೋಗ್ಯ ಸಚಿವರಿಗೆ,

ನಮಸ್ಕಾರ.

ನಾನು ಕರ್ನಾಟಕದವಳು, ನರ್ಸ್. ಊರಿನಲ್ಲಿದ್ದಾಗ ರಾಯಚೂರು ಕಡೆಯ ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಿದ್ದೆ. ಗಂಡನಿಗೆ ಕೊಶಿತ್ಸೆಯ ಐಟಿ ಕಂಪನಿಯೊಂದರಲ್ಲಿ ಕೆಲಸ ಸಿಕ್ಕಿತು. ಹಾಗೆ ನಿಮ್ಮ ದೇಶಕ್ಕೆ ಬಂದೆ, ಭಾಷೆ ಕಲಿತೆ, ಪರೀಕ್ಷೆ ಬರೆದೆ, ಈಗ ಪೂರ್ವ ಸ್ಲೊವಾಕಿಯಾದ ಒಂದು ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿದ್ದೇನೆ. ಇಲ್ಲಿಗೆ ಬರುವ ರೋಮಾ ಸಮುದಾಯದ ಎಳೆಯ ತಾಯಂದಿರನ್ನು ನಿಮ್ಮ ವ್ಯವಸ್ಥೆ ನೋಡಿಕೊಳ್ಳುವ ರೀತಿಯ ಬಗ್ಗೆ ಈ ಪತ್ರ. ಆಸ್ಪತ್ರೆಯ ಹೆಸರನ್ನು ಬೇಕಂತಲೇ ಬರೆಯುತ್ತಿಲ್ಲ. ನನ್ನ ದೂರು ಒಂದು ಕಟ್ಟಡದ ಮೇಲೂ ಅಲ್ಲ, ಒಬ್ಬ ಡಾಕ್ಟರ ಮೇಲೂ ಅಲ್ಲ. ಹೆಸರು ಬರೆದರೆ ನಾಳೆ ಯಾರೋ ಒಬ್ಬರಿಗೆ ನೋಟಿಸ್ ಕೊಟ್ಟು ಫೈಲು ಮುಚ್ಚುತ್ತಾರೆ, ವಿಷಯ ಅಲ್ಲಿಗೇ ಮುಗಿಯುತ್ತದೆ.

ಈ ಪತ್ರದ ಸ್ಲೊವಾಕ್ ಪ್ರತಿಯನ್ನು ನಿಮ್ಮ ಕಚೇರಿಗೆ ಕಳಿಸಿದ್ದೇನೆ. ಕನ್ನಡದಲ್ಲೂ ಬರೆಯುತ್ತಿರುವುದಕ್ಕೆ ಕಾರಣ ಇದೆ. ಮೆಡಿಕಲ್ ಓದಲು ಕರ್ನಾಟಕದ ಮಕ್ಕಳು ಪೂರ್ವ ಯುರೋಪಿನ ದೇಶಗಳಿಗೆ ಬರುತ್ತಿದ್ದಾರೆ. ಅವರು ನಾಳೆ ಇಂಥದ್ದೇ ವಾರ್ಡುಗಳಲ್ಲಿ ನಿಲ್ಲುವವರು, ಅಲ್ಲಿ ಹಿರಿಯರು ಹೇಗೆ ಮಾತಾಡುತ್ತಾರೋ ಹಾಗೇ ಮಾತಾಡಲು ಕಲಿಯುವವರು. ಇನ್ನೊಂದು, ನಮ್ಮೂರಲ್ಲಿ ರೋಮಾ ಜನರ ಮಾತು ಬಂದಾಗೆಲ್ಲ "ಅವರು ನಮ್ಮವರೇ ಅಲ್ವಾ, ಸಾವಿರ ವರ್ಷದ ಹಿಂದೆ ಇಂಡಿಯಾದಿಂದ ಹೋದವರು" ಅಂತ ಹೆಮ್ಮೆಯಿಂದ ಹೇಳಿ ಸುಮ್ಮನಾಗಿಬಿಡುತ್ತೇವೆ. 2016ರಲ್ಲಿ ದೆಹಲಿಯಲ್ಲಿ ನಡೆದ ಅಂತರರಾಷ್ಟ್ರೀಯ ರೋಮಾ ಸಮ್ಮೇಳನದಲ್ಲಿ ಆಗಿನ ವಿದೇಶಾಂಗ ಸಚಿವೆ ಸುಷ್ಮಾ ಸ್ವರಾಜ್ ಅವರೂ ರೋಮಾ ಜನರನ್ನು ಭಾರತದ ಮಕ್ಕಳು ಎಂದು ಕರೆದಿದ್ದರು. ಮಕ್ಕಳು ಅಂದ ಮೇಲೆ ಆ ಮಕ್ಕಳು ಹೇಗಿದ್ದಾರೆ ಅಂತಲೂ ಕೇಳಬೇಕು.

ಓದುವ ಕನ್ನಡಿಗರಿಗಾಗಿ ಒಂದೆರಡು ಮಾತು. ಯುರೋಪಿನಲ್ಲಿ 1 ಕೋಟಿಗೂ ಹೆಚ್ಚು ರೋಮಾ ಜನರಿದ್ದಾರೆ, ಅದರಲ್ಲಿ ಸುಮಾರು 60 ಲಕ್ಷ ಯುರೋಪಿಯನ್ ಒಕ್ಕೂಟದ ದೇಶಗಳಲ್ಲಿ. ಸ್ಲೊವಾಕಿಯಾದ ಜನಸಂಖ್ಯೆ 54 ಲಕ್ಷದ ಆಸುಪಾಸು. ಇಲ್ಲಿ ರೋಮಾ ಜನ 4 ಲಕ್ಷಕ್ಕೂ ಜಾಸ್ತಿ ಎಂದು ಅಂದಾಜು. ಎಲ್ಲರೂ ಬಡವರಲ್ಲ, ಎಲ್ಲರೂ ಕೇರಿಗಳಲ್ಲಿ ಇಲ್ಲ. ಶಿಕ್ಷಕರಿದ್ದಾರೆ, ವಕೀಲರಿದ್ದಾರೆ, ಮಗಳನ್ನು ಕಾಲೇಜಿಗೆ ಕಳಿಸಲು ಜೀವ ತೇಯುವ ತಾಯಂದಿರಿದ್ದಾರೆ. ನಾನು ಬರೆಯುತ್ತಿರುವುದು ಊರಾಚೆಯ ಕೇರಿಗಳಿಂದ ನಮ್ಮ ವಾರ್ಡಿಗೆ ಬರುವ ಹುಡುಗಿಯರ ಬಗ್ಗೆ. ಹದಿನೈದು, ಹದಿನಾರು, ಹದಿನೇಳು ವರ್ಷದವರು.

ಮಾನ್ಯ ಸಚಿವರೇ, ನಾನು ಕಂಡದ್ದನ್ನು ಹೇಳುತ್ತೇನೆ.

ನಮ್ಮ ವಾರ್ಡಿನ ಕೊನೆಯಲ್ಲಿ ಒಂದು ರೂಮ್ ಇದೆ. ಕಾಗದದ ಮೇಲೆ ಅದಕ್ಕೂ ಬೇರೆ ರೂಮುಗಳ ಹಾಗೆ ಬರೀ ಒಂದು ನಂಬರ್. ಆದರೆ ಅಲ್ಲಿಗೆ ಯಾರನ್ನು ಕಳಿಸುತ್ತಾರೆ ಅಂತ ಗೊತ್ತಿಲ್ಲದವರು ಯಾರೂ ಇಲ್ಲ. ಬೇರೆ ರೂಮಿನಲ್ಲಿ ಬೆಡ್ ಖಾಲಿ ಇದ್ದರೂ ರೋಮಾ ಬಾಣಂತಿ ಹೋಗುವುದು ಅಲ್ಲಿಗೇ. ಯಾಕೆ ಅಂತ ಕೇಳಿದರೆ "ಅವರಿಗೂ ಅದೇ ಇಷ್ಟ, ಒಟ್ಟಿಗೆ ಇರಲಿ ಬಿಡು" ಅನ್ನುತ್ತಾರೆ. ಇಷ್ಟವೋ ಇಲ್ಲವೋ ಅಂತ ಅವರನ್ನು ಕೇಳಿದ್ದನ್ನು ಮಾತ್ರ ನಾನು ನೋಡಿಲ್ಲ. ಮೂವತ್ತು ವರ್ಷದ ಸ್ಲೊವಾಕ್ ಹೆಂಗಸಿಗೆ ಬಹುವಚನದಲ್ಲಿ, ಮರ್ಯಾದೆಯಿಂದ ಮಾತಾಡಿ ಬಂದ ಬಾಯಿಯೇ ಈ ರೂಮಿನ ಬಾಗಿಲಲ್ಲಿ ಏಕವಚನಕ್ಕೆ ಇಳಿಯುತ್ತದೆ, ಒಳಗಿರುವವಳು ಐದು ಮಕ್ಕಳ ತಾಯಿಯಾಗಿದ್ದರೂ ಸರಿ. ಇದು ನಮ್ಮಲ್ಲಿ ಮಾತ್ರ ಇರುವುದಲ್ಲ. 2017ರಲ್ಲಿ ಮಾನವ ಹಕ್ಕು ಸಂಘಟನೆಗಳು ನಿಮ್ಮ ದೇಶದ ಹೆರಿಗೆ ವಾರ್ಡುಗಳಲ್ಲಿ ರೋಮಾ ಹೆಂಗಸರು ಅನುಭವಿಸಿದ್ದನ್ನು ಅವರ ಬಾಯಿಂದಲೇ ಕೇಳಿ ಬರೆದು ಪ್ರಕಟಿಸಿದವು. ಬೇರೆ ರೂಮು, ಬೈಗುಳ, ಹೆರಿಗೆ ನೋವಿನಲ್ಲಿ ಇರುವಾಗ ಗದರುವುದು, ಏನಕ್ಕೆ ಅಂತ ಹೇಳದೆ ಸಹಿ ಹಾಕಿಸುವುದು, ಎಲ್ಲ ಅದರಲ್ಲಿದೆ. ನಿಮ್ಮ ಇಲಾಖೆಗೆ ಇದು ಹೊಸ ಸುದ್ದಿ ಅಲ್ಲ.

ಆದರೆ ಈ ಪತ್ರ ಬರೀ ಆ ರೂಮಿನ ಬಗ್ಗೆ ಅಲ್ಲ. ಆ ರೂಮಿನಿಂದ ಹೊರಗೆ ಹೋದ ಮೇಲೆ ಆ ಹುಡುಗಿಗೆ ಏನಾಗುತ್ತದೆ ಅನ್ನುವುದರ ಬಗ್ಗೆ. ನನ್ನ ನಿದ್ದೆ ಕೆಡಿಸಿರುವುದು ಅದು.

ಒಬ್ಬ ಹೆಂಗಸಿನ ಕಥೆ ಹೇಳುತ್ತೇನೆ, ಯಾರು ಅಂತ ಗೊತ್ತಾಗದ ಹಾಗೆ. ಅವಳು ಪೇಷೆಂಟ್ ಆಗಿ ಬಂದವಳಲ್ಲ. ಚೊಚ್ಚಲು ಹೆರಿಗೆಗೆ ಬಂದ ಮಗಳ ಜೊತೆ ಬಂದಿದ್ದಳು. ವಯಸ್ಸು 34. ಮುಖ ಊದಿತ್ತು, ಮೆಟ್ಟಿಲು ಹತ್ತಿ ಬಂದವಳು ಕುರ್ಚಿಯಲ್ಲಿ ಕೂತು ಉಸಿರು ಹಿಡಿದುಕೊಳ್ಳಲು ಒದ್ದಾಡುತ್ತಿದ್ದಳು. ನನ್ನ ಕೆಲಸ ಅವಳ ಮಗಳನ್ನು ನೋಡುವುದು, ಆದರೂ ಸುಮ್ಮನಿರಲು ಆಗದೆ ಅವಳ ಬಿಪಿ ನೋಡಿದೆ. ಎಲ್ಲೋ ಹೋಗಿತ್ತು. ತಲೆನೋವು ಇದೆಯಾ ಅಂದೆ. "ಯಾವಾಗಲೂ ಇರುತ್ತೆ" ಅಂದಳು, ಹವಾಮಾನ ಹೇಳುವ ಹಾಗೆ. ಅವಳ ಹೆರಿಗೆಗಳೆಲ್ಲ ನಮ್ಮಲ್ಲೇ ಆಗಿದ್ದವು. ಡಾಕ್ಟರು ಹಳೆಯ ದಾಖಲೆ ತೆಗೆಸಿದರು. ಮೊದಲ ಹೆರಿಗೆ 16ಕ್ಕೆ. ಆಮೇಲೆ ಒಂದರ ಹಿಂದೆ ಒಂದು, ಒಟ್ಟು ಆರು. ಮೂರನೆಯ ಬಸುರಿನಲ್ಲೇ ಬಿಪಿ ಏರಿತ್ತು ಅಂತ ಬರೆದಿದೆ. ಮಗು ಎಷ್ಟು ತೂಕ ಇತ್ತು, ಎಷ್ಟು ಹೊತ್ತಿಗೆ ಹುಟ್ಟಿತು, ಹೊಲಿಗೆ ಎಷ್ಟು ಬಿತ್ತು, ಎಲ್ಲ ಚೆನ್ನಾಗಿ ಬರೆದಿದೆ. ಒಂದು ಹೆರಿಗೆಗೂ ಇನ್ನೊಂದಕ್ಕೂ ನಡುವೆ ಒಂದು ಸಾಲು ಇಲ್ಲ. ಕೊನೆಯ ಹೆರಿಗೆ ಆದ ಮೇಲೂ ಏನೂ ಇಲ್ಲ. ಆ ಬಿಪಿ ಇಳಿಯಿತಾ ಅಂತ ಒಬ್ಬರೂ ನೋಡಿಲ್ಲ.

ಆಮೇಲೆ ಅವಳು ನನ್ನ ಕಿವಿಯ ಹತ್ತಿರ ಬಂದು ಇನ್ನೊಂದು ಹೇಳಿದಳು. ನೀರಿನ ಕ್ಯಾನು ಎತ್ತುವಾಗ ಕೆಳಗೆ ಏನೋ ಇಳಿದು ಬರುತ್ತದೆ, ಕೈಯಿಂದ ಒಳಗೆ ತಳ್ಳಿಕೊಳ್ಳುತ್ತೇನೆ ಅಂತ. ಗರ್ಭಕೋಶ ಜಾರಿದೆ. ಎಷ್ಟು ದಿನದಿಂದ ಅಂದೆ. ನಾಲ್ಕನೆಯ ಮಗುವಿನಿಂದ ಅಂದಳು. ಅಂದರೆ ಅದಾದ ಮೇಲೂ ಎರಡು ಹೆರಿಗೆ ಆಗಿದೆ. ಯಾರಿಗೂ ಹೇಳಲಿಲ್ಲವಾ ಅಂದರೆ "ಯಾರು ಕೇಳಿದರು?" ಅಂದಳು. ನಾನು ಉತ್ತರ ಕೊಡಲಿಲ್ಲ, ಕೊಡುವುದಕ್ಕೆ ಇರಲೂ ಇಲ್ಲ. ನಿಮ್ಮ ಹತ್ತಿರ ಇದ್ದರೆ ಹೇಳಿ.

ಎಳೆಯ ವಯಸ್ಸಿನ ತಾಯ್ತನದ ಮಾತು ಬಂದಾಗ ಎಲ್ಲರೂ ಹೇಳುವುದು ಮಗುವಿನ ಬಗ್ಗೆ. ಕಡಿಮೆ ತೂಕ, ದಿನ ತುಂಬುವ ಮುಂಚೆ ಹುಟ್ಟುವುದು. ಅದು ನಿಜವೇ, ದೊಡ್ಡ ವಿಷಯವೇ. ಹೆರಿಗೆ ಹೊತ್ತಿನ ಅಪಾಯವನ್ನೂ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತಲೇ ಇದೆ. 20ರಿಂದ 24 ವಯಸ್ಸಿನ ತಾಯಂದಿರಿಗಿಂತ ಇಪ್ಪತ್ತರ ಒಳಗಿನವರಿಗೆ ಬಿಪಿ ಏರಿ ಫಿಟ್ಸ್ ಬರುವುದು, ಗರ್ಭಕೋಶಕ್ಕೆ ನಂಜಾಗುವುದು ಜಾಸ್ತಿ. ಆದರೆ ಅದೆಲ್ಲ ದಾಟಿ, ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ ಅಂತ ಬರೆದು ಮನೆಗೆ ಕಳಿಸಿದ ಮೇಲೂ ಮೈ ಒಳಗೆ ಲೆಕ್ಕ ಮುಗಿದಿರುವುದಿಲ್ಲ. ಹದಿನೈದರ ಹುಡುಗಿಯ ಮೂಳೆ ಇನ್ನೂ ಬೆಳೆಯುತ್ತಿರುತ್ತದೆ, ರಕ್ತ ಮೊದಲೇ ಕಡಿಮೆ ಇರುತ್ತದೆ. ಮಗು ತನಗೆ ಬೇಕಾದ ಕಬ್ಬಿಣವನ್ನು ತಾಯಿಯಿಂದಲೇ ಎಳೆದುಕೊಳ್ಳುತ್ತದೆ. ಅದು ತುಂಬಿಕೊಳ್ಳುವ ಮುಂಚೆ ಮುಂದಿನ ಬಸಿರು. ಒಂದು ಹೆರಿಗೆ ಆಗಿ ಕನಿಷ್ಠ 24 ತಿಂಗಳು ಕಳೆಯಲಿ, ಆಮೇಲೆ ಇನ್ನೊಂದಕ್ಕೆ ಯೋಚಿಸಿ ಅಂತ ಅದೇ ಸಂಸ್ಥೆ ಹೇಳುತ್ತದೆ. ನಮ್ಮ ಕೊನೆಯ ರೂಮಿಗೆ ಬರುವವರಲ್ಲಿ ಎಷ್ಟೋ ಜನ ಹಿಂದಿನ ಮಗು ನೆಟ್ಟಗೆ ನಡೆಯುವ ಮುಂಚೆಯೇ ಮತ್ತೆ ಬಂದಿರುತ್ತಾರೆ.

ಬಸಿರಿನಲ್ಲಿ ಬಿಪಿ ಏರಿದವಳಿಗೆ ಮುಂದೆ ಹೃದಯದ ಕಾಯಿಲೆ, ಪಾರ್ಶ್ವವಾಯು ಬರುವ ಸಾಧ್ಯತೆ ಬೇರೆಯವರಿಗಿಂತ ಹೆಚ್ಚು. ಬಸಿರಿನಲ್ಲಿ ಶುಗರ್ ಬಂದವಳಿಗೆ ಮುಂದೆ ಅದೇ ಕಾಯಂ ಆಗುವ ಸಾಧ್ಯತೆ ಹೆಚ್ಚು. ಇದು ಯಾವ ಜಾತಿ, ಯಾವ ದೇಶದ ಹೆಂಗಸಿಗಾದರೂ ಅಷ್ಟೇ, ಅದಕ್ಕೇ ಅಂಥವರನ್ನು ಹೆರಿಗೆ ಆದ ಮೇಲೂ ಬಿಡದೆ ನೋಡಬೇಕು ಅನ್ನುವುದು. ಗರ್ಭಕಂಠದ ಕ್ಯಾನ್ಸರ್ ವಿಷಯವೂ ಹೀಗೇ. ಅದಕ್ಕೆ ಕಾರಣ ಎಚ್‌ಪಿವಿ ವೈರಸ್. ಆದರೆ ಚಿಕ್ಕ ವಯಸ್ಸಿಗೇ ಮೊದಲ ಹೆರಿಗೆ ಆದವರಲ್ಲಿ, ಹೆಚ್ಚು ಹೆತ್ತವರಲ್ಲಿ ಅದರ ಅಪಾಯ ಜಾಸ್ತಿ. ಸ್ತನ ಕ್ಯಾನ್ಸರ್ ಮಾತ್ರ ಬೇಗ ಹೆತ್ತವರಲ್ಲಿ ಸ್ವಲ್ಪ ಕಡಿಮೆ ಎಂದು ಕಂಡುಬಂದಿದೆ, ಅದನ್ನೂ ಹೇಳಿಬಿಡುತ್ತೇನೆ, ಮುಚ್ಚಿಡುವುದಿಲ್ಲ. ಆದರೆ ಗರ್ಭಕಂಠದ ಕ್ಯಾನ್ಸರ್ ತಡೆಯಬಹುದಾದ ಕ್ಯಾನ್ಸರ್. ಲಸಿಕೆ ಇದೆ, ಸುಲಭದ ಪರೀಕ್ಷೆ ಇದೆ. ತಡೆಯಬಹುದಾದದ್ದರಿಂದ ಒಬ್ಬಳು ಸತ್ತರೆ ಅದನ್ನು ಹಣೆಬರಹ ಅನ್ನಬಾರದು.

ಮತ್ತೆ ಮನಸ್ಸು. ಇದರ ಬಗ್ಗೆ ನಾನು ಜಾಸ್ತಿ ಬರೆಯಲಾರೆ, ಯಾಕೆಂದರೆ ಆ ಹುಡುಗಿಯರು ನಮ್ಮ ಹತ್ತಿರ ಮನಸ್ಸು ಬಿಚ್ಚುವುದಿಲ್ಲ. ಗೋಡೆ ಕಡೆ ಮುಖ ಮಾಡಿ ಮಲಗುತ್ತಾರೆ. ಮಗು ಅತ್ತರೂ ತಿರುಗುವುದಿಲ್ಲ. "ಸೋಮಾರಿ ತಾಯಿ" ಅಂತ ಡ್ಯೂಟಿ ಬದಲಾಗುವಾಗ ಹೇಳಿಬಿಡುತ್ತಾರೆ. ಬಾಣಂತಿಯ ಖಿನ್ನತೆ ಇರಬಹುದಾ ಅಂತ ಕೇಳಿದರೆ "ಅವರಿಗೆ ಅದೆಲ್ಲ ಬರಲ್ಲ" ಅನ್ನುವ ಉತ್ತರ ನಾನು ನನ್ನ ಕಿವಿಯಾರೆ ಕೇಳಿದ್ದೇನೆ.

ಇದೆಲ್ಲ ಸೇರಿದರೆ ಏನಾಗುತ್ತದೆ? ಯುರೋಪಿಯನ್ ಒಕ್ಕೂಟದ ಮೂಲಭೂತ ಹಕ್ಕುಗಳ ಸಂಸ್ಥೆ 2021ರಲ್ಲಿ ಯುರೋಪಿನ ಹಲವು ದೇಶಗಳಲ್ಲಿ ಸಮೀಕ್ಷೆ ಮಾಡಿತು. ರೋಮಾ ಹೆಂಗಸರು ಆಯಾ ದೇಶದ ಉಳಿದ ಹೆಂಗಸರಿಗಿಂತ ಸರಾಸರಿ 11 ವರ್ಷ ಕಡಿಮೆ ಬದುಕುತ್ತಾರೆ ಎಂದು ಅದರಲ್ಲಿ ಬಂತು. ಗಂಡಸರಲ್ಲಿ ಈ ಅಂತರ 9 ವರ್ಷ. ಹೆಂಗಸರದ್ದೇ ಜಾಸ್ತಿ, ಗಮನಿಸಿ. ಸಮೀಕ್ಷೆಗೆ ಒಳಪಟ್ಟವರಲ್ಲಿ 5ರಲ್ಲಿ 4 ಜನ ಬಡತನದ ಅಂಚಿನಲ್ಲಿದ್ದರು, 5ರಲ್ಲಿ ಒಬ್ಬರಿಗಿಂತ ಜಾಸ್ತಿ ಜನರ ಮನೆಯೊಳಗೆ ನಲ್ಲಿ ನೀರೇ ಇರಲಿಲ್ಲ. ಹನ್ನೊಂದು ವರ್ಷ ಎಲ್ಲಿ ಹೋಯಿತು ಅಂತ ಹುಡುಕಲು ತುಂಬ ದೂರ ಹೋಗಬೇಕಿಲ್ಲ, ಒಂದು ಭಾಗ ಆ ನೀರಿನ ಕ್ಯಾನಿನಲ್ಲೇ ಇದೆ.

ಇಲ್ಲಿಗೆ ಬಂದಾಗ ಎಲ್ಲರೂ ಒಂದು ಮಾತು ಹೇಳುತ್ತಾರೆ. "ಅದು ಅವರ ಸಂಸ್ಕೃತಿ, ನಾವೇನು ಮಾಡೋಕೆ ಆಗುತ್ತೆ." ಮಾನ್ಯರೇ, ಈ ಮಾತನ್ನು ನಾನು ಒಪ್ಪುವುದಿಲ್ಲ. ಬೇಗ ಮದುವೆ, ಬೇಗ ಮಗು ಆಗುವುದು ಕೆಲವು ಕೇರಿಗಳಲ್ಲಿ ನಿಜವಾಗಿಯೂ ಹೆಚ್ಚು. ಸೆರ್ಬಿಯಾದಲ್ಲಿ ಯುನಿಸೆಫ್ ಸೇರಿ 2019ರಲ್ಲಿ ಮಾಡಿದ ಸಮೀಕ್ಷೆಯಲ್ಲಿ ರೋಮಾ ಕೇರಿಗಳ 20ರಿಂದ 24 ವಯಸ್ಸಿನ ಹೆಂಗಸರಲ್ಲಿ ಶೇಕಡಾ 56ರಷ್ಟು ಮಂದಿಗೆ 18ರ ಒಳಗೇ ಮದುವೆ ಆಗಿತ್ತು. ಇದನ್ನು ನಾನು ಮುಚ್ಚುವುದಿಲ್ಲ, ಸಮುದಾಯದ ಒಳಗೇ ಇದರ ವಿರುದ್ಧ ದನಿ ಎತ್ತಿರುವ ರೋಮಾ ಹೆಣ್ಣುಮಕ್ಕಳೂ ಮುಚ್ಚಿಲ್ಲ. ಆದರೆ ಹದಿನಾಲ್ಕರ ಹುಡುಗಿಯ ಮುಂದೆ ಬೇರೆ ದಾರಿ ಯಾವುದಿದೆ ಅಂತ ನೋಡಬೇಡವೇ? ರೋಮಾ ಮಕ್ಕಳನ್ನು ಬುದ್ಧಿ ಕಡಿಮೆ ಇರುವವರ ಶಾಲೆಗಳಿಗೆ ತಳ್ಳುವುದು ತಪ್ಪು ಅಂತ ಮಾನವ ಹಕ್ಕುಗಳ ಯುರೋಪಿಯನ್ ನ್ಯಾಯಾಲಯ 2007ರಲ್ಲೇ ಜೆಕ್ ಗಣರಾಜ್ಯದ ಕೇಸಿನಲ್ಲಿ ಹೇಳಿತ್ತು. ರೋಮಾ ಮಕ್ಕಳನ್ನು ಶಾಲೆಯಲ್ಲಿ ಬೇರೆ ಇಡುತ್ತಿದ್ದೀರಿ ಅಂತ 2023ರಲ್ಲಿ ಯುರೋಪಿಯನ್ ಕಮಿಷನ್ ನಿಮ್ಮ ದೇಶವನ್ನೇ ಕೋರ್ಟಿಗೆ ಎಳೆಯಲು ತೀರ್ಮಾನಿಸಿತು. ಆ ಶಾಲೆ ಮುಗಿಸಿದರೂ ಕೆಲಸ ಸಿಗದು, ಅರ್ಜಿಯ ಮೇಲೆ ಕೇರಿಯ ವಿಳಾಸ ನೋಡಿಯೇ ಪಕ್ಕಕ್ಕೆ ಇಡುತ್ತಾರೆ. ತಾಯಿಯಾದರೆ ಕೇರಿಯಲ್ಲಾದರೂ ಒಂದು ಸ್ಥಾನ ಸಿಗುತ್ತದೆ. ಬೇರೆ ಎಲ್ಲ ಬಾಗಿಲೂ ಮುಚ್ಚಿ, ತೆರೆದಿದ್ದ ಒಂದೇ ಬಾಗಿಲಲ್ಲಿ ಹೋದಳು ಅಂತ ಅವಳನ್ನು ಬೈಯುವುದು ನ್ಯಾಯವಲ್ಲ.

ನಮ್ಮ ಮನೆ ಸರಿಯಿದೆ ಅಂತ ಹೇಳಲೂ ನಾನು ಬಂದಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲೇ 20ರಿಂದ 24 ವಯಸ್ಸಿನ ಹೆಂಗಸರಲ್ಲಿ ಶೇಕಡಾ 21.3ರಷ್ಟು ಮಂದಿಗೆ 18ರ ಒಳಗೆ ಮದುವೆಯಾಗಿದೆ. ರಾಯಚೂರಿನ ಆಸ್ಪತ್ರೆಯಲ್ಲಿ ಹದಿನಾರರ ಹುಡುಗಿಗೆ ಹತ್ತೊಂಬತ್ತು ಅಂತ ಬರೆಸಿ ತರುತ್ತಿದ್ದುದನ್ನು ನಾನು ಕಂಡವಳು. ಅಲ್ಲಿಯೂ ಅದನ್ನು ಹೆಚ್ಚಾಗಿ ಕಂಡದ್ದು ಶಾಲೆ ದೂರವಿದ್ದ ಊರುಗಳಲ್ಲಿ, ಕೂಲಿಗೆ ಗುಳೆ ಹೋಗುವ ಮನೆಗಳಲ್ಲಿ. ಹಾಗಾಗಿಯೇ ಇಲ್ಲಿ ಯಾರಾದರೂ "ಸಂಸ್ಕೃತಿ" ಅಂದ ತಕ್ಷಣ ನನಗೆ ಸಿಟ್ಟು ಬರುತ್ತದೆ.

ಇನ್ನೊಂದು ವಿಷಯವನ್ನು ನೀವೂ ನಾವೂ ಮರೆತರೂ ಆ ರೂಮಿನ ಹೆಂಗಸರು ಮರೆತಿಲ್ಲ. ಜೆಕ್, ಸ್ಲೊವಾಕ್ ಎರಡೂ ಸೇರಿ ಚೆಕೊಸ್ಲೊವಾಕಿಯಾ ಆಗಿದ್ದ ಕಮ್ಯುನಿಸ್ಟ್ ಕಾಲದಲ್ಲಿ ರೋಮಾ ಹೆಂಗಸರಿಗೆ ಮಕ್ಕಳಾಗದ ಹಾಗೆ ಆಪರೇಷನ್ ಮಾಡಿಸಲು ದುಡ್ಡಿನ ಆಸೆ ತೋರಿಸುತ್ತಿದ್ದರು. ಚಾರ್ಟರ್ 77 ಎನ್ನುವ ಮಾನವ ಹಕ್ಕು ಚಳವಳಿಯ ಹೋರಾಟಗಾರರು 1978ರಲ್ಲೇ ಇದನ್ನು ಬರೆದು ಬಯಲಿಗೆಳೆದರು. ಆ ಸರ್ಕಾರ ಬಿದ್ದುಹೋಯಿತು, ಆಪರೇಷನ್ ನಿಲ್ಲಲಿಲ್ಲ. 2000ದಲ್ಲಿ ನಿಮ್ಮ ದೇಶದ ಆಸ್ಪತ್ರೆಯೊಂದರಲ್ಲಿ 20 ವರ್ಷದ ರೋಮಾ ತಾಯಿಗೆ ಎರಡನೆಯ ಹೆರಿಗೆ ನೋವಿನ ಕೊನೆ ಹೊತ್ತಿನಲ್ಲಿ, ಇನ್ನೊಂದು ಮಗು ಆದರೆ ನೀನಾದರೂ ಸಾಯುತ್ತೀಯ ಇಲ್ಲ ಮಗುವಾದರೂ ಸಾಯುತ್ತದೆ ಅಂತ ಹೇಳಿ ಸಹಿ ಹಾಕಿಸಿಕೊಂಡು ಟ್ಯೂಬ್ ಕಟ್ಟಿದರು. ವಿ.ಸಿ. ವಿರುದ್ಧ ಸ್ಲೊವಾಕಿಯಾ ಎನ್ನುವ ಆ ಕೇಸಿನಲ್ಲಿ ಮಾನವ ಹಕ್ಕುಗಳ ಯುರೋಪಿಯನ್ ನ್ಯಾಯಾಲಯ 2011ರ ನವೆಂಬರಿನಲ್ಲಿ ಅವಳ ಪರ ತೀರ್ಪು ಕೊಟ್ಟಿತು, ಅದು ಅಮಾನವೀಯ ನಡೆ ಎಂದಿತು. ಮುಂದಿನ ವರ್ಷ ಇನ್ನೊಂದು ತೀರ್ಪು ಬಂತು, ಎನ್.ಬಿ. ಅನ್ನುವವಳದ್ದು. ಆಪರೇಷನ್ ಆದಾಗ ಅವಳಿಗೆ 17 ವರ್ಷ. ಎಳೆಯ ತಾಯಿ. ಅವಳ ಆರೋಗ್ಯಕ್ಕಾಗಿ ನಿಮ್ಮ ವ್ಯವಸ್ಥೆ ಮಾಡಿದ್ದು ಅದೊಂದೇ.

2021ರ ನವೆಂಬರಿನಲ್ಲಿ ನಿಮ್ಮ ಸರ್ಕಾರ ಕ್ಷಮೆ ಕೇಳಿತು. ಅದು ದೊಡ್ಡದು, ನಾನು ಸಣ್ಣದು ಮಾಡುವುದಿಲ್ಲ. ಆದರೆ ಅದೇ ವರ್ಷ ಜೆಕ್ ಗಣರಾಜ್ಯ ಕಾನೂನನ್ನೇ ಮಾಡಿತು. 1966ರಿಂದ 2012ರ ನಡುವೆ ಹೀಗೆ ಆಪರೇಷನ್ ಆದವರಿಗೆ ತಲಾ 3 ಲಕ್ಷ ಕೊರುನಾ ಪರಿಹಾರ. ಅದರ ಹಿಂದೆ ತಾವೇ ಹೀಗೆ ಆಪರೇಷನ್‌ಗೆ ಒಳಗಾದ ಎಲೆನಾ ಗೊರೊಲೊವಾ ಅಂಥ ರೋಮಾ ಹೆಂಗಸರು ವರ್ಷಗಟ್ಟಲೆ ಮಾಡಿದ ಹೋರಾಟ ಇದೆ. ನಿಮ್ಮ ಕ್ಷಮೆಯ ಜೊತೆ ಅಂಥ ಕಾನೂನು ಬರಲಿಲ್ಲ. ಆ ತಾಯಂದಿರಿಗೆ ವಯಸ್ಸಾಗುತ್ತಿದೆ. ಅವರಿಗೆ ಸಲ್ಲಬೇಕಾದದ್ದು ಅವರು ಬದುಕಿರುವಾಗಲೇ ಸಲ್ಲಲಿ.

ಇದು ಹಳೆಯ ಕಥೆ ಅನ್ನಬೇಡಿ. ಸಿಸೇರಿಯನ್ ಮಾಡಬೇಕು ಅಂದಾಗ ಹೊರಗೆ ಕೂತ ಅಜ್ಜಿ "ಸಹಿ ಹಾಕಬೇಡ" ಅಂತ ಕೂಗುವುದನ್ನು ನಾನು ನೋಡಿದ್ದೇನೆ. ಒಳಗಿರುವ ಡಾಕ್ಟರಿಗೆ ಅದು ಅಜ್ಞಾನ. ನನಗೆ ಹಾಗೆ ಅನ್ನಿಸುವುದಿಲ್ಲ. ನಮ್ಮಲ್ಲೂ ತುರ್ತು ಪರಿಸ್ಥಿತಿಯ ಕಾಲದಲ್ಲಿ ಟಾರ್ಗೆಟ್ ಇಟ್ಟುಕೊಂಡು ಬಡವರನ್ನು ಹಿಡಿದು ಆಪರೇಷನ್ ಮಾಡಿದ್ದರು. ಎಷ್ಟೋ ವರ್ಷ ಆದ ಮೇಲೂ ಕುಟುಂಬ ಯೋಜನೆಯವರು ಬಂದರು ಅಂದರೆ ಜನ ಬಾಗಿಲು ಹಾಕಿಕೊಳ್ಳುತ್ತಿದ್ದರು ಅಂತ ನಮ್ಮ ಹಿರಿಯ ನರ್ಸುಗಳು ಹೇಳುತ್ತಿದ್ದರು. ಒಮ್ಮೆ ಮುರಿದ ನಂಬಿಕೆಯನ್ನು ಮುರಿದವರೇ ಕಟ್ಟಬೇಕು, ಅಜ್ಜಿ ಅಲ್ಲ.

ಈಗ ಕಾನೂನಿನ ಮಾತು. ನಿಮ್ಮಲ್ಲಿ ಮೊದಲ ಬಸಿರಾದ ಹುಡುಗಿಗೆ ಅವಳಿಗೆ ಹದಿನೆಂಟು ತುಂಬದಿದ್ದರೂ ವರ್ಷಕ್ಕೊಮ್ಮೆ ಸ್ತ್ರೀರೋಗ ತಪಾಸಣೆಯ ಹಕ್ಕಿದೆ, ವಿಮೆ ದುಡ್ಡು ಕೊಡುತ್ತದೆ. ಒಳ್ಳೆಯದು. ಆದರೆ ಅದನ್ನು ಅವಳಿಗೆ ಹೇಳುವವರು ಯಾರು? ಕೇರಿಯಿಂದ ಡಾಕ್ಟರ ಹತ್ತಿರ ಹೋಗಲು ಬಸ್ಸಿನ ದುಡ್ಡು, ಮಕ್ಕಳನ್ನು ನೋಡಿಕೊಳ್ಳಲು ಒಬ್ಬರು, ಹೋದ ಮೇಲೆ ಅಲ್ಲಿ ಬೈಸಿಕೊಳ್ಳದೆ ಬರುವ ಧೈರ್ಯ, ಇಷ್ಟೂ ಬೇಕು. ಹಾಗೇ 2011ರಿಂದ ನಿಮ್ಮ ಕಾನೂನು, ಬಸಿರು ತಡೆಯಲಿಕ್ಕೆ ಅಂತಲೇ ಬಳಸುವ ಮಾತ್ರೆ, ಸಾಧನಗಳಿಗೆ ಸಾರ್ವಜನಿಕ ವಿಮೆ ದುಡ್ಡು ಕೊಡಕೂಡದು ಅನ್ನುತ್ತದೆ. ರಾಯಚೂರಿನ ಸರ್ಕಾರಿ ಆಸ್ಪತ್ರೆಯಲ್ಲಿ ಕಾಪರ್-ಟಿ ಪುಕ್ಕಟೆ ಹಾಕಿಸಿಕೊಳ್ಳಬಹುದು, ಯುರೋಪಿಯನ್ ಒಕ್ಕೂಟದ ಒಂದು ದೇಶದಲ್ಲಿ ಆಗುವುದಿಲ್ಲ! "ಅವರು ಯಾಕೆ ಇಷ್ಟು ಮಕ್ಕಳು ಮಾಡಿಕೊಳ್ಳುತ್ತಾರೆ" ಅಂತ ಟಿವಿಯಲ್ಲಿ ಕೇಳುವ ರಾಜಕಾರಣಿಗಳು ಮೊದಲು ಇದಕ್ಕೆ ಉತ್ತರ ಕೊಡಬೇಕು.

ಅದಕ್ಕಿಂತ ನೋವಿನದು ಹೆರಿಗೆ ಭತ್ಯೆಯ ನಿಯಮ. ಬಸಿರಿನಲ್ಲಿ ನಾಲ್ಕನೇ ತಿಂಗಳಿಂದ ತಪ್ಪದೆ ತಪಾಸಣೆಗೆ ಹೋಗಿರಬೇಕು, ಹೆರಿಗೆ ಆದ ಮೇಲೆ ಆಸ್ಪತ್ರೆ ಒಪ್ಪದೆ ಮನೆಗೆ ಹೋಗಬಾರದು, ಇಲ್ಲದಿದ್ದರೆ ಭತ್ಯೆ ಇಲ್ಲ. ಕೇಳಲು ಚೆನ್ನಾಗಿದೆ, ತಾಯಿಯ ಒಳ್ಳೆಯದಕ್ಕೇ ಅನ್ನಿಸುತ್ತದೆ. ಆದರೆ ನಡೆಯುವುದು ಏನು? ಮನೆಯಲ್ಲಿ ಎರಡು ಪುಟ್ಟ ಮಕ್ಕಳನ್ನು ಬಿಟ್ಟು ಬಂದ ಹಸಿ ಬಾಣಂತಿ, ಇಲ್ಲಿ ಬೈಗುಳ ಕೇಳಲಾರದೆ ಎರಡನೇ ದಿನ ಎದ್ದು ಹೋಗುತ್ತಾಳೆ. ಅವಳು ಯಾಕೆ ಹೋದಳು ಅಂತ ಯಾರೂ ಕೇಳುವುದಿಲ್ಲ. ಭತ್ಯೆ ಕಟ್. ಅವಳನ್ನು ಎದ್ದು ಹೋಗುವ ಹಾಗೆ ಮಾಡಿದವರಿಗೆ ಏನೂ ಕಟ್ ಆಗುವುದಿಲ್ಲ. ಮತ್ತೆ ಅವಳ ನಂಜು, ಅವಳ ರಕ್ತಸ್ರಾವ, ಅವಳ ಬಿಪಿ ಅವಳ ಜೊತೆಗೇ ಕೇರಿಗೆ ಹೋಗುತ್ತವೆ.

ನಿಮ್ಮ ದೇಶ ಏನೂ ಮಾಡಿಲ್ಲ ಅನ್ನುವುದು ತಪ್ಪಾಗುತ್ತದೆ. ನಿಮ್ಮ ಇಲಾಖೆಯದ್ದೇ ಆದ "ಜ್ದ್ರಾವೆ ರೆಗಿಯೋನಿ", ಅಂದರೆ ಆರೋಗ್ಯವಂತ ಪ್ರದೇಶಗಳು ಎನ್ನುವ ಸಂಸ್ಥೆ ಇದೆ. ಕೇರಿಗಳಿಂದಲೇ ಬಂದ ಆರೋಗ್ಯ ಸಹಾಯಕರು ಅದರಲ್ಲಿದ್ದಾರೆ. ನಮ್ಮ ಕನ್ನಡದವರಿಗೆ ಅರ್ಥವಾಗಬೇಕೆಂದರೆ ನಮ್ಮ ಆಶಾ ಕಾರ್ಯಕರ್ತೆಯರ ಹಾಗೆ. ರೊಮೇನಿಯಾದಲ್ಲಿ ರೋಮಾ ಆರೋಗ್ಯ ಸಹಾಯಕಿಯರನ್ನು ಸರ್ಕಾರ 2002ರಿಂದಲೇ ನೇಮಿಸುತ್ತಿದೆ. ಈ ಹೆಂಗಸರು ಬಂದ ಮೇಲೆ ಲಸಿಕೆ ಹಾಕಿಸುವುದು ಸುಲಭವಾಗಿದೆ, ಬಸುರಿಯರು ತಪಾಸಣೆಗೆ ಬರುತ್ತಿದ್ದಾರೆ. ಅವರು ಬಾಗಿಲಲ್ಲಿ ನಿಂತರೆ ಆ ಅಜ್ಜಿಯೂ ಒಳಗೆ ಕರೆಯುತ್ತಾಳೆ. ನಾನು ಕಂಡ ಮಟ್ಟಿಗೆ ಅವರಿಗೆ ಕೊಡುವ ಕೆಲಸವೆಲ್ಲ ಬಸುರಿ ಮತ್ತು ಮಗುವಿನ ಸುತ್ತ. ಹೆತ್ತು ಐದು ವರ್ಷ, ಹತ್ತು ವರ್ಷ ಆದವಳು ಅವರ ಪಟ್ಟಿಯಲ್ಲಿ ಇಲ್ಲ.

ಹಾಗಾಗಿ ನಾನು ನಿಮ್ಮನ್ನು ಕೇಳಿಕೊಳ್ಳುವುದು ಇದು. 18ರ ಒಳಗೆ ಹೆತ್ತ ಪ್ರತಿ ತಾಯಿಗೂ, ಅವಳು ರೋಮಾ ಆಗಿರಲಿ ಆಗದಿರಲಿ, ಆಸ್ಪತ್ರೆಯಿಂದ ಹೊರಡುವಾಗಲೇ ಮುಂದಿನ ವರ್ಷಗಳ ಆರೋಗ್ಯದ ಒಂದು ದಾಖಲೆ ಶುರುವಾಗಲಿ. ಅದು ಅವಳ ಕೈಯಲ್ಲೇ ಇರಲಿ, ನಮ್ಮ ತಾಯಿ ಕಾರ್ಡಿನ ಹಾಗೆ. ಜಾತಿ, ಜನಾಂಗ ಅದರಲ್ಲಿ ಬರೆಯುವುದು ಬೇಡ. ಬಸಿರಿನಲ್ಲಿ ಬಿಪಿ, ಶುಗರ್ ಇದ್ದವರನ್ನು ಪ್ರತಿ ವರ್ಷ ಹುಡುಕಿಕೊಂಡು ಹೋಗಿ ನೋಡಬೇಕು, ಅವರೇ ಬರಲಿ ಅಂತ ಕಾಯಬಾರದು. ರಕ್ತ ಎಷ್ಟಿದೆ, ಗರ್ಭಕೋಶ ಹೇಗಿದೆ, ಮೂತ್ರ ತಡೆಯಲು ಆಗುತ್ತಾ, ಮನಸ್ಸು ಹೇಗಿದೆ ಅಂತ ಕೇಳಬೇಕು. ಕೇಳದ ಹೊರತು ಯಾವ ಹೆಂಗಸೂ ಇದನ್ನು ತಾನಾಗಿ ಹೇಳುವುದಿಲ್ಲ, ರಾಯಚೂರಿನಲ್ಲೂ ಹೇಳುತ್ತಿರಲಿಲ್ಲ. ಎಚ್‌ಪಿವಿ ಲಸಿಕೆ ಮತ್ತು ಗರ್ಭಕಂಠದ ಪರೀಕ್ಷೆ ಕೇರಿಯ ಬಾಗಿಲಿಗೆ ಬರಲಿ.

ಬಸಿರು ತಡೆಯುವ ಸಾಧನಗಳ ಮೇಲಿನ 2011ರ ಆ ನಿರ್ಬಂಧವನ್ನು ತೆಗೆಯಿರಿ. ಪುಕ್ಕಟೆ ಕೊಡಿ, ಆದರೆ ಒತ್ತಾಯ ಮಾಡಬೇಡಿ. ಹೆರಿಗೆ ನೋವಿನಲ್ಲಿರುವವಳ ಹತ್ತಿರ ಈ ಮಾತು ಎತ್ತಲೇಬಾರದು. ಬೇಕು ಅಂದವಳಿಗೆ ಕೊಡಬೇಕು, ತೆಗೆಯಿರಿ ಅಂದವಳಿಗೆ ಮರುಮಾತಿಲ್ಲದೆ ತೆಗೆಯಬೇಕು, ಆಗ ಮಾತ್ರ ನಂಬುತ್ತಾರೆ. ಭತ್ಯೆ ಕಡಿತದ ನಿಯಮ ತೆಗೆದುಹಾಕಿ, ಅದರ ಬದಲು ಬೇಗ ಎದ್ದು ಹೋದ ತಾಯಿಯ ಮನೆಗೆ ಮರುದಿನವೇ ಒಬ್ಬ ನರ್ಸ್ ಹೋಗುವ ಹಾಗೆ ಮಾಡಿ. ಹೋಗಲು ನಾನೇ ತಯಾರಿದ್ದೇನೆ.

ಆರೋಗ್ಯ ಸಹಾಯಕಿಯರನ್ನು ಪ್ರಾಜೆಕ್ಟಿನ ದುಡ್ಡಿನಲ್ಲಿ, ವರ್ಷ ವರ್ಷ ಮುಂದುವರಿಸುವ ಹಾಗೆ ಇಟ್ಟುಕೊಳ್ಳಬೇಡಿ. ಇದರಲ್ಲಿ ಕರ್ನಾಟಕವನ್ನು ನೋಡಿ ಕಲಿಯಬೇಡಿ ಅಂತ ನೋವಿನಿಂದಲೇ ಹೇಳುತ್ತೇನೆ. ಊರಿನ ಆರೋಗ್ಯ ಹೊತ್ತ ನಮ್ಮ ಆಶಾ ಅಕ್ಕಂದಿರು ನಿಗದಿತ ಗೌರವಧನಕ್ಕಾಗಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ಧರಣಿ ಕೂರಬೇಕಾಯಿತು. ನಿಮ್ಮವರಿಗೆ ಸಂಬಳ ಕೊಡಿ, ಪಿಂಚಣಿ ಕೊಡಿ, ಓದಲು ಇಷ್ಟ ಇರುವವರನ್ನು ನರ್ಸಿಂಗ್ ಕಾಲೇಜಿಗೆ ಕಳಿಸಿ. ಒಬ್ಬ ರೋಮಾ ಸೂಲಗಿತ್ತಿ ನರ್ಸ್ ನಮ್ಮ ವಾರ್ಡಿನಲ್ಲಿದ್ದಿದ್ದರೆ ನಾನು ಈ ಪತ್ರ ಬರೆಯುವ ಅಗತ್ಯವೇ ಬರುತ್ತಿರಲಿಲ್ಲವೇನೋ. ಅವಳೇ ಎದುರಿಗೆ ನಿಂತು ಕೇಳುತ್ತಿದ್ದಳು.

ಮತ್ತೆ ಆ ಕೊನೆಯ ರೂಮು. ಅದಕ್ಕೆ ಸಮಿತಿ ಬೇಡ, ಬಜೆಟ್ ಬೇಡ. ಬಂದ ಕ್ರಮದಲ್ಲಿ ಖಾಲಿ ಇರುವ ಬೆಡ್ ಕೊಡಿ ಅಂತ ಎಲ್ಲ ಆಸ್ಪತ್ರೆಗಳಿಗೂ ಒಂದು ಆದೇಶ ಸಾಕು. ಮೊದಲೇ ಹೇಳದೆ ಬಂದು ನೋಡುವ ತಪಾಸಣಾ ತಂಡ ಇರಲಿ, ಅದರಲ್ಲಿ ರೋಮಾ ಹೆಂಗಸರೂ ಇರಲಿ.

2030ರ ಒಳಗೆ ರೋಮಾ ಜನರ ಆಯಸ್ಸಿನ ಅಂತರವನ್ನು ತಗ್ಗಿಸುತ್ತೇವೆ ಎಂದು ಯುರೋಪಿಯನ್ ಒಕ್ಕೂಟ 2020ರ ಅಕ್ಟೋಬರಿನಲ್ಲಿ ತನ್ನ ಕಾರ್ಯಯೋಜನೆಯಲ್ಲಿ ಗುರಿ ಇಟ್ಟುಕೊಂಡಿತು, ನಿಮ್ಮ ದೇಶವೂ ಅದರ ಭಾಗ. ಇಂದು ನಮ್ಮ ವಾರ್ಡಿನಲ್ಲಿ ಹೆತ್ತ ಹದಿನಾರರ ಹುಡುಗಿಯ ಮುಂದಿನ ವರ್ಷಗಳನ್ನು ನೋಡದೆ ಆ ಗುರಿ ಮುಟ್ಟಲು ಸಾಧ್ಯವೇ ಇಲ್ಲ.

ನನ್ನ ಹೆಸರು, ಕೆಲಸದ ವಿವರ, ನಾನು ಕಂಡ ಘಟನೆಗಳು ನಿಮಗೆ ಕಳಿಸಿದ ಸ್ಲೊವಾಕ್ ಪ್ರತಿಯಲ್ಲಿವೆ. ಕರೆದರೆ ರಾಜಧಾನಿ ಬ್ರಾಟಿಸ್ಲಾವಾಕ್ಕೆ ಬಂದು ಹೇಳುತ್ತೇನೆ. ನನ್ನ ಜೊತೆ ಮಾತಾಡಲು ಒಪ್ಪಿರುವ ತಾಯಂದಿರೂ ಇದ್ದಾರೆ, ಅವರಿಗೆ ತೊಂದರೆ ಆಗುವುದಿಲ್ಲ ಅಂತ ನೀವು ಬರೆದು ಕೊಟ್ಟರೆ ಅವರನ್ನೂ ಕರೆದುಕೊಂಡು ಬರುತ್ತೇನೆ. ನಿಮ್ಮ ಉತ್ತರ ಬಂದ ದಿನ ಅದನ್ನೂ ಕನ್ನಡದಲ್ಲಿ ಇಲ್ಲೇ ಹಾಕುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಹೆರಿಗೆ ವಾರ್ಡಿನ ಒಬ್ಬ ನರ್ಸ್
ಪೂರ್ವ ಸ್ಲೊವಾಕಿಯಾ